ಹಳೇ ಹಿಡಿ ಗುಜರಿಗೆ ಹೋಗುವ ಮುಂಚೆ

ಬೂಕನಕೆರೆ, ಕಿಕ್ಕೇರಿ, ಚಿನಕುರಳಿ, ಮೇಲುಕೋಟೆ, ನಾಗಮಂಗಲ, ಶ್ರೀರಂಗಪಟ್ಟಣದ ಸುತ್ತಮುತ್ತಲಿನ ಮನೆಗಳವರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೋ, ದೇವರ ಗೂಡಿನಲ್ಲೋ, ಗುಡಿಯ ಪೆಟ್ಟಿಗೆಯಲ್ಲೋ ಹಳೆಯ ಕತ್ತಿ, ಕಠಾರಿ, ಬಾಕು ಇರಬಹುದು. ಅಲಗು ಮುರಿದು ಬರೀ ಹಿಡಿ ಉಳಿದ ತುಂಡಾದರೂ ಇರಬಹುದು. ಅದನ್ನು ಗುಜರಿಗೆ ಹಾಕಬೇಡಿ. ಬೈಕಿನಲ್ಲಿ ಊರೂರು ಸುತ್ತುತ್ತಾ ‘ಹಳೇ ಹಿತ್ತಾಳೆ, ಹಳೇ ಕಬ್ಬಿಣ’ ಎಂದು ಕೂಗಿಕೊಂಡು ಬರುವವರಿಗೆ ಕೊಡಬೇಡಿ. ಹಬ್ಬ ಬಂತೆಂದು ಹುಣಸೆಹಣ್ಣು ಹಚ್ಚಿ ತಿಕ್ಕಲೂ ಬೇಡಿ. ಮೊದಲು ಒಂದು ಹಾಳೆ ತೆಗೆದುಕೊಂಡು, ಆ ವಸ್ತುವಿನ ಬಗ್ಗೆ ಮನೆಯಲ್ಲಿ ಯಾರಿಗೆ ಏನು ಗೊತ್ತಿದೆಯೋ ಅದನ್ನು ಬರೆದಿಡಿ. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ದಂಡು ತುಳಿದ ಸೀಮೆ ನಮ್ಮದು. 1771ರ ಮಾರ್ಚ್‌ನಲ್ಲಿ ತ್ರಿಂಬಕರಾಯನ ಮರಾಠಾ ಸೇನೆ ಚಿನಕುರಳಿ ಹತ್ತಿರ ಹೈದರಾಲಿಯ ಸೈನ್ಯವನ್ನು ದಿಕ್ಕಾಪಾಲು ಮಾಡಿತು. ಅದಾದ ಇಪ್ಪತ್ತು ವರ್ಷಕ್ಕೆ, 1791ರ ಮೇ ತಿಂಗಳಲ್ಲಿ, ಇಂಗ್ಲಿಷ್ ದಂಡಿನ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲ ತನಕ ಬಂದ. ಎತ್ತು ಸತ್ತು, ಮೇವು ಮುಗಿದು, ತನ್ನ ದೊಡ್ಡ ತೋಪುಗಳನ್ನು ಕನ್ನಂಬಾಡಿ ಬಳಿ ತಾನೇ ಒಡೆಸಿ ಹಿಂದಿರುಗಬೇಕಾಯಿತು. ಅದೇ ಹೊತ್ತಿಗೆ ಮೇಲುಕೋಟೆ ಕಡೆಯಿಂದ ಪರಶುರಾಮ ಭಾವು, ಹರಿಪಂತರ ಮರಾಠಾ ದಂಡು ಬಂದು ಸೇರಿತು. ಆಮೇಲೆ 1792ರ ಮುತ್ತಿಗೆ, ಆಮೇಲೆ 1799. ಇನ್ನು ಪಾಂಡವಪುರ ಎಂದು ನಾವು ಕರೆಯುವ ಹಿರೋಡೆಗೆ ಇಂಗ್ಲಿಷರು ‘ಫ್ರೆಂಚ್ ರಾಕ್ಸ್’ ಎಂದು ಹೆಸರಿಟ್ಟದ್ದೇ ಹೈದರ್, ಟಿಪ್ಪುವಿನ ನೌಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ. ಪುಣೆಯವರು, ಹೈದರಾಬಾದಿನವರು, ಕೊಡಗಿನವರು, ಮಲಬಾರಿನವರು, ಮದರಾಸಿನ ಕಂಪನಿ ಸಿಪಾಯಿಗಳು ಎಲ್ಲರೂ ಇಲ್ಲಿ ಓಡಾಡಿದ್ದಾರೆ. ಹಾಗೆ ಓಡಾಡಿದವರು ಸತ್ತಿದ್ದಾರೆ, ಓಡಿಹೋಗಿದ್ದಾರೆ, ಸಂಬಳ ಸಿಗದೆ ಸೊಂಟದ ಬಾಕು ಮಾರಿಕೊಂಡವರೂ ಅವರಲ್ಲಿ ಇದ್ದಿರಲೇಬೇಕು. ಆದ್ದರಿಂದ ಬೂಕನಕೆರೆಯ ಅಟ್ಟದಲ್ಲಿ ಸಿಕ್ಕ ಹಿಡಿ ಬೂಕನಕೆರೆಯಲ್ಲಿ ಮಾಡಿದ್ದು ಎಂದು ಹೇಳಲಾಗುವುದಿಲ್ಲ. ಟಿಪ್ಪುವಿನದು ಎಂದಂತೂ ಹೇಳಲಾಗುವುದೇ ಇಲ್ಲ.

ಆದರೆ ಜನ ಹೇಳುವುದು ಅದನ್ನೇ. ಹಳೆಯದೊಂದು ಕತ್ತಿ ಕಂಡರೆ ಸಾಕು, ‘ಟಿಪ್ಪು ಕಾಲದ್ದು’ ಎನ್ನುತ್ತೇವೆ. ಎರಡು ವರ್ಷದಲ್ಲಿ ‘ಕಾಲದ್ದು’ ಎಂಬ ಮಾತು ಉದುರಿ ‘ಟಿಪ್ಪುದು’ ಎಂದಾಗುತ್ತದೆ. ಇದಕ್ಕೆ ದುಡ್ಡಿನ ವಾಸನೆಯೂ ಕಾರಣ. 2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತಲ್ಲ, ಆ ಸುದ್ದಿ ಬಂದ ಮೇಲೆ ಎಷ್ಟು ಅಟ್ಟಗಳಿಗೆ ಏಣಿ ಬಿತ್ತೋ ದೇವರೇ ಬಲ್ಲ. ಆದರೆ ಆ ಖಡ್ಗಕ್ಕೆ ಆ ಬೆಲೆ ತಂದದ್ದು ಹಿಡಿಯ ಮೇಲಿನ ಚಿನ್ನವೊಂದೇ ಅಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಜನರಲ್ ಡೇವಿಡ್ ಬೇರ್ಡನಿಗೆ ಸೈನ್ಯ ಅದನ್ನು ಕಾಣಿಕೆ ಕೊಟ್ಟಿತು ಎಂಬ ಬರಹ ಅದರ ಜೊತೆಗೇ ಇತ್ತು. ಕತ್ತಿಯ ಜೊತೆ ಅದರ ಚರಿತ್ರೆಯೂ ಕೈಯಿಂದ ಕೈಗೆ ದಾಟಿತ್ತು. ಇಲ್ಲೇ ಇನ್ನೊಂದು ಸ್ವಾರಸ್ಯವಿದೆ. ಅದರ ಅಲಗು ಜರ್ಮನ್ ಅಲಗುಗಳ ಮಾದರಿಯದು, ಹಿಡಿ ನಮ್ಮ ಕಡೆಯ ಕೆಲಸ. ಅಲಗಿನ ಮಾದರಿಗೆ ಒಂದು ಊರು, ಹಿಡಿಗೆ ಒಂದು ಊರು. ಹಳೆಯ ಆಯುಧಗಳಲ್ಲಿ ಇದು ಅಪರೂಪವೇನಲ್ಲ. ಯುರೋಪಿನಿಂದ ಬಂದ ಅಲಗಿಗೆ ದಖ್ಖನಿನವರು ತಮ್ಮ ಹಿಡಿ ಕೂರಿಸಿ ‘ಫಿರಂಗಿ’ ಎಂದು ಕರೆಯುತ್ತಿದ್ದರು.

ಇದು ಸಾಧ್ಯವಾಗುವುದು ಹಿಡಿ ಕೂರಿಸುವ ರೀತಿಯಿಂದ. ನಮ್ಮ ಕತ್ತಿಗಳಲ್ಲಿ ಅಲಗಿನ ಬಾಲ ಹಿಡಿಯೊಳಗೆ ಹೋಗುತ್ತದೆ, ಸುತ್ತಲಿನ ಸಂದಿಗೆ ಅರಗು ತುಂಬುತ್ತಾರೆ. ಕಾಯಿಸಿದರೆ ಅರಗು ಕರಗುತ್ತದೆ, ಹಿಡಿ ಬಿಚ್ಚಿಕೊಳ್ಳುತ್ತದೆ, ಬೇರೆ ಅಲಗಿಗೆ ಕೂರುತ್ತದೆ. ನಿಮ್ಮ ಮನೆಯ ತುಂಡನ್ನು ತಿರುಗಿಸಿ ನೋಡಿ. ಅಲಗು ಹಿಡಿಯನ್ನು ಸೇರುವಲ್ಲಿ ಕರಿಗಂದು ಬಣ್ಣದ ಗಟ್ಟಿ ಅಂಟು ಕಾಣುತ್ತದೆಯೇ? ಅದು ಅರಗು. ಅದನ್ನು ಕೊಳೆ ಎಂದು ಕೆರೆದು ತೆಗೆಯಬೇಡಿ. ಅಲ್ಲೇ ಅಲಗು ಅಲ್ಲಾಡುತ್ತಿದ್ದರೆ, ಸಂದಿಗೆ ಬಟ್ಟೆಯೋ ಸಿಮೆಂಟೋ ತುರುಕಿದ್ದರೆ, ಈ ಜೋಡಿ ಆಮೇಲೆ ಯಾರೋ ಮಾಡಿದ್ದು ಎಂದು ಅನುಮಾನಿಸಿ.

ಹಿಡಿಯ ಗುರುತು ಹಿಡಿಯುವ ಕೆಲಸ ಎಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಹೇಳುತ್ತೇನೆ. ಅದು ಅಷ್ಟು ದೂರದ್ದೂ ಅಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. ಇಂಡೋನೇಷ್ಯಾದ ಕೆರಿಸ್ ಎಂಬ ಬಾಕುವನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಹಲವಕ್ಕೆ ಹಾವು ಹರಿದಂತೆ ಅಂಕುಡೊಂಕಾದ ಅಲಗು. ಅದರಲ್ಲಿ ಹಿಡಿಯ ಪಟ್ಟು ನಮ್ಮಷ್ಟು ಬಿಗಿಯಲ್ಲ. ಬಾಲಕ್ಕೆ ಬಟ್ಟೆಯೋ ಕೂದಲೋ ಸುತ್ತಿ ಹಿಡಿಯನ್ನು ಒತ್ತಿ ಕೂರಿಸುತ್ತಾರೆ, ಬೇಕಾದಾಗ ಬದಲಾಯಿಸುತ್ತಾರೆ. ಹೀಗಾಗಿ ಅಲ್ಲಿ ಬರೀ ಹಿಡಿಗಳೇ ಬೇರೆಯಾಗಿ ಪ್ರಪಂಚವೆಲ್ಲ ಅಲೆಯುತ್ತಿವೆ. ಮಧ್ಯ ಜಾವಾದ ಹಿಡಿ ಬಾಗಿದ ನುಣುಪಾದ ಮರದ್ದು, ಒಳಮೈಯಲ್ಲಿ ಪುಟ್ಟ ಕೆತ್ತನೆ. ಬಾಲಿಯದು ಗುಡ್ಡೆಗಣ್ಣಿನ ರಾಕ್ಷಸ ಗೊಂಬೆ. ಮಧುರಾ ದ್ವೀಪದ್ದು ದಂತದ ಕುಸುರಿ. ಮಲಯ ಪರ್ಯಾಯದ್ವೀಪದ ಪಟ್ಟಾನಿ ಕಡೆಯದಕ್ಕೆ ಹಕ್ಕಿ ಕೊಕ್ಕಿನಂಥ ಉದ್ದ ಮೂಗು. ಬಾಲಿಯ ಒಂದು ಹಿಡಿಯನ್ನು ತಂದು ನಾಗಮಂಗಲದ ಸಂತೆಯಲ್ಲಿ ಇಟ್ಟರೆ ‘ಯಾವುದೋ ಭೈರವನ ಗುಡಿದು’ ಎಂದು ನಾವು ಕೈಮುಗಿದುಬಿಡುತ್ತೇವೆ. ಆಕಾರ ಒಂದನ್ನೇ ನಂಬಿದರೆ ಆಗುವ ಎಡವಟ್ಟು ಅದು.

ಆಕಾರದ ಜೊತೆ ಬರಹವೂ ಬೇಕು ಎಂಬುದಕ್ಕೆ ಅಲ್ಲಿಯದೇ ಒಂದು ಕಥೆ ಇದೆ. ಜಾವಾದಲ್ಲಿ ಡಚ್ಚರ ವಿರುದ್ಧ ಐದು ವರ್ಷ ಕಾದಿದ ರಾಜಕುಮಾರ ದಿಪೊನೆಗೊರೊ 1830ರಲ್ಲಿ ಸೆರೆಯಾದ. ಅವನ ಕೆರಿಸ್ 1831ರಲ್ಲಿ ಡಚ್ ದೊರೆಗೆ ಕಾಣಿಕೆಯಾಗಿ ಹೋಯಿತು, 1883ರಲ್ಲಿ ಲೈಡನ್ ನಗರದ ಮ್ಯೂಸಿಯಂ ಸೇರಿತು, ಅಲ್ಲಿದ್ದ ನೂರಾರು ಕೆರಿಸ್‌ಗಳ ನಡುವೆ ಕಳೆದೇಹೋಯಿತು. ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು, ಯಾವುದು ಎಂದು ಮಾತ್ರ ಗೊತ್ತಿರಲಿಲ್ಲ. ಕೊನೆಗೆ 2020ರಲ್ಲಿ ಅದನ್ನು ಗುರುತಿಸಿ ಇಂಡೋನೇಷ್ಯಾಕ್ಕೆ ಹಿಂದಿರುಗಿಸಿದರು. ಗುರುತು ಸಿಕ್ಕಿದ್ದು ಕಬ್ಬಿಣ ಪರೀಕ್ಷೆ ಮಾಡಿ ಅಲ್ಲ, ಹಳೆಯ ಕಾಗದಗಳಿಂದ. ದಿಪೊನೆಗೊರೊನ ಸೇನಾಪತಿಯಾಗಿದ್ದ ಸೆಂತೊತನ ಹೇಳಿಕೆ, ಜಾವಾದ ಚಿತ್ರಕಾರ ರಾದೆನ್ ಸಾಲೆಹ್ ಬರೆದಿಟ್ಟ ಟಿಪ್ಪಣಿ, ಇವುಗಳ ವರ್ಣನೆಯನ್ನು ಒಂದೊಂದು ಕೆರಿಸ್ ಜೊತೆ ಹೊಂದಿಸಿ ನೋಡಬೇಕಾಯಿತು. ಆದರೂ ಇಂಡೋನೇಷ್ಯಾದ ಕೆಲವು ತಿಳಿದವರು ಇದು ಅದಲ್ಲ ಎಂದು ತಕರಾರು ಎತ್ತಿದರು. ಕಾಣಿಕೆ ಕೊಟ್ಟ ದಿನವೇ ಒಂದು ಚೀಟಿಯನ್ನು ಹಿಡಿಗೆ ಕಟ್ಟಿದ್ದರೆ ಈ ಹುಡುಕಾಟವೇ ಬೇಕಿರಲಿಲ್ಲ.

ಈಗ ಜಾವಾಕ್ಕೂ ನಮಗೂ ಏನು ಸಂಬಂಧ ಎಂದೀರಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿ ಆಮೇಲೆ ನಮ್ಮ ಮೈಸೂರು ಸೀಮೆಯನ್ನೆಲ್ಲ ಅಳೆದ. ಅದೇ ಮನುಷ್ಯ 1811ರಲ್ಲಿ ಇಂಗ್ಲಿಷ್ ದಂಡಿನ ಜೊತೆ ಜಾವಾಕ್ಕೆ ಹೋದ, 1812ರಲ್ಲಿ ಯೋಗ್ಯಕರ್ತದ ಅರಮನೆಗೆ ಲಗ್ಗೆ ಹಾಕಿದಾಗ ಅಲ್ಲೂ ಇದ್ದ. ಇಂದು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಗೌರವಪಟ್ಟಿಯಲ್ಲಿ ಶ್ರೀರಂಗಪಟ್ಟಣದ ಹೆಸರೂ ಇದೆ, ಜಾವಾದ ಹೆಸರೂ ಇದೆ. ಹೋದ ಸಿಪಾಯಿಗಳಲ್ಲಿ ತಿರುಗಿ ಬಂದವರು ಬರಿಗೈಯಲ್ಲಿ ಬಂದಿರಲಾರರು. ಆದ್ದರಿಂದ ನಮ್ಮ ಕಡೆಯ ಯಾವುದಾದರೂ ಪೆಟ್ಟಿಗೆಯಲ್ಲಿ ರಾಕ್ಷಸ ಮುಖದ ಪುಟ್ಟ ಮರದ ಹಿಡಿ ಸಿಕ್ಕರೆ ಅದನ್ನು ಆಟದ ಗೊಂಬೆ ಎಂದು ಮಕ್ಕಳ ಕೈಗೆ ಕೊಡಬೇಡಿ.

ಮೆಕೆಂಜಿಯ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ಅವನು ತನ್ನ ಕಡೆಯ ಪಂಡಿತರನ್ನು ಊರೂರಿಗೆ ಕಳಿಸಿ, ಶಾನುಭೋಗರನ್ನೂ ಹಿರಿಯರನ್ನೂ ಕೂರಿಸಿ, ಊರಿನ ಸಮಾಚಾರ ಬರೆಸಿಕೊಂಡ, ಅವೇ ಕೈಫಿಯತ್ತುಗಳು. ಅವನ ಉದ್ದೇಶ ಏನೇ ಇರಲಿ, ಆ ಕಾಗದಗಳಿಲ್ಲದಿದ್ದರೆ ನಮ್ಮ ಎಷ್ಟೋ ಊರಿನ ಕಥೆ ಅಂದಿಗೇ ಮುಗಿದಿರುತ್ತಿತ್ತು. ಕಲ್ಲಿನ ಬರಹದ ಮಟ್ಟಿಗೆ ಈ ಕೆಲಸ ನಮ್ಮಲ್ಲಿ ಚೆನ್ನಾಗಿಯೇ ಆಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ ಪೂರ್ತಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳದ್ದೇ. ನಾಗಮಂಗಲದ ಶಾಸನಗಳು 7ನೆಯದರಲ್ಲಿವೆ. ಯಾವ ಹೊಲದ ಬದುವಿನಲ್ಲಿ ಯಾವ ವೀರಗಲ್ಲು ನಿಂತಿದೆ ಎಂಬುದಕ್ಕೆ ಪಟ್ಟಿ ಇದೆ. ಆ ವೀರನ ಕೈಯಲ್ಲಿದ್ದಂಥ ಕತ್ತಿ ಯಾವ ಮನೆಯಲ್ಲಿದೆ ಎಂಬುದಕ್ಕೆ ಪಟ್ಟಿ ಇಲ್ಲ. 2017ರಲ್ಲಿ ರೈಲು ಹಳಿ ಜೋಡಿ ಮಾಡಲು ಅಡ್ಡ ಬಂತೆಂದು ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು, ಸಾವಿರ ಟನ್ನಿನ ಇಡೀ ಕಟ್ಟಡವನ್ನು, ಇಟ್ಟಿಗೆ ಕದಲದ ಹಾಗೆ ಎತ್ತಿ ಆಚೆ ಸರಿಸಿದರು. ಮೆಚ್ಚಬೇಕಾದ ಕೆಲಸವೇ. ಶಸ್ತ್ರ ಇಟ್ಟಿದ್ದ ಮನೆಗೆ ತೋರಿಸಿದ ಅಕ್ಕರೆಯಲ್ಲಿ ಕಾಲುಪಾಲು ಶಸ್ತ್ರಗಳಿಗೆ ತೋರಿಸಿದರೂ ಸಾಕು.

ಇನ್ನು ಉಪಯೋಗದ ವಿಷಯ. ಇದರಲ್ಲಿ ನಾವು ಇನ್ನೂ ಹೆಚ್ಚು ತಪ್ಪುತ್ತೇವೆ, ಏಕೆಂದರೆ ಕತ್ತಿ ಎಂದರೆ ಯುದ್ಧ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ಹಿತ್ತಾಳೆ ಹಿಡಿಯ ಕಠಾರಿ ಇದೆ. ಗೇಣುದ್ದದ್ದು. ಮಗನಿಗೆ ಅದು ಪಾಳೆಯಗಾರರದು ಎಂಬ ನಂಬಿಕೆ. ಅವನ ತಾಯಿಯನ್ನು ಕೇಳಿದೆ, ‘ಇದು ಎಲ್ಲೀದಜ್ಜಿ?’ ಎಂದು. ಅಜ್ಜಿ ನಕ್ಕು, ‘ಅದ್ಯಾವ ಪಾಳ್ಯಗಾರನ್ದೂ ಅಲ್ಲ ಕನಪ್ಪ. ನಮ್ ಮಾವಾರ ಮದ್ವೆಗೆ ಮಾಡ್ಸಿದ್ದಂತೆ. ಹಟ್ಟೀಲಿ ಯಾರ್ ಮದ್ವೆ ಆದ್ರೂವೆ ಗಂಡಿನ್ ಕೈಗೆ ಇದ್ನೇ ಕೊಡೋರು, ತುದೀಗ್ ನಿಂಬೆಹಣ್ ಚುಚ್ಚಿ’ ಎಂದಿತು. ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿದೆ. ಅಲಗಿಗೆ ಸಾಣೆ ಹಿಡಿದ ಗುರುತೇ ಇಲ್ಲ, ಅಂಚು ಮೊಂಡು. ಹಿಡಿಯ ಗೆರೆಗಳಲ್ಲಿ ಪದರ ಪದರವಾಗಿ ಅರಿಶಿನ ಕುಂಕುಮ. ತುದಿಯ ಒಂದು ಅಂಗುಲ ಮಾತ್ರ ಕಪ್ಪಾಗಿ ಸವೆದು ಗುಳಿ ಬಿದ್ದಿದೆ, ನಿಂಬೆ ಹುಳಿ ತಿಂದದ್ದು. ಅಜ್ಜಿಯ ಮಾತಿಗೆ ಕಬ್ಬಿಣವೇ ಸಾಕ್ಷಿ ಹೇಳುತ್ತಿತ್ತು. ಆದರೆ ಅಜ್ಜಿಯ ಮಾತಿಲ್ಲದಿದ್ದರೆ ಆ ಗುಳಿಗಳನ್ನು ನಾನೂ ಬರೀ ತುಕ್ಕು ಎಂದುಕೊಳ್ಳುತ್ತಿದ್ದೆ. ಜಾವಾದಲ್ಲೂ ಮದುವೆ ಗಂಡು ಬೆನ್ನ ಹಿಂದೆ ಕೆರಿಸ್ ಸಿಕ್ಕಿಸಿಕೊಂಡೇ ಹಸೆಗೆ ಬರುವುದು ಎಂದು ಆ ಅಜ್ಜಿಗೆ ಹೇಳಿದ್ದರೆ ಆಶ್ಚರ್ಯವೇನೂ ಪಡುತ್ತಿರಲಿಲ್ಲ ಅನ್ನಿಸುತ್ತದೆ.

ಹೀಗೆ ಮದುವೆಯದು ಒಂದು. ಮಾರಿಹಬ್ಬದ್ದು, ವೀರಭದ್ರನ ಕುಣಿತದವರದು, ದೇವರ ಮುಂದೆ ಹಿಡಿಯುವುದು, ಬನ್ನಿ ಕಡಿಯುವುದು ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕತ್ತಿಗಳಿವೆ. ಗುಡಿಯ ಕತ್ತಿಗಳ ಹಿಡಿ ಹಲವು ಸಲ ಎರಕದ್ದು; ಎರಕದ ಕೆಲಸಕ್ಕೆ ನಾಗಮಂಗಲ ಮೊದಲಿನಿಂದಲೂ ಹೆಸರಾದ ಊರು, ಅಲ್ಲಿನ ಹಿರಿಯ ಕುಶಲಕರ್ಮಿಗಳಿಗೆ ತೋರಿಸಿದರೆ ಎರಕವೋ ಬಡಿದದ್ದೋ ಎಂದು ಮುಟ್ಟಿಯೇ ಹೇಳಿಯಾರು. ದಂಡಿನವರ ಕತ್ತಿಯ ಹಿಡಿ ಸಾಮಾನ್ಯವಾಗಿ ಕಬ್ಬಿಣದ್ದು, ಮೇಲೆ ಬಟ್ಟಲಿನಂಥ ತಟ್ಟೆ, ಬೆರಳು ಕಾಯಲು ಒಂದು ಬಾಗಿದ ಪಟ್ಟಿ. ಕಠಾರಿಯಾದರೆ ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡ ಸರಳು. ಮುಷ್ಟಿ ಕಟ್ಟಿ ಹಿಡಿದು ತಿವಿಯುವಂಥದ್ದು. ಕೊಡವರ ಪೀಚೆಕತ್ತಿಯ ಹಿಡಿ ಬೆಳ್ಳಿ, ದಂತದ ಅಲಂಕಾರದ್ದು, ಸೊಂಟದ ಮುಂದೆ ಸಿಕ್ಕಿಸಿಕೊಳ್ಳುವ ಅಂದಕ್ಕೆ. ಟಿಪ್ಪುವಿನ ಅರಮನೆಯ ಆಯುಧಗಳಲ್ಲಿ ಹುಲಿಯ ತಲೆ, ಹುಲಿಪಟ್ಟೆ ಕಾಣುವುದು ನಿಜ. ಆದರೆ ಹುಲಿ ಕಂಡದ್ದೆಲ್ಲ ಅವನದಲ್ಲ. ನಮ್ಮ ಗುಡಿಗಳ ಯಾಳಿ, ಸಿಂಹಮುಖಗಳೂ ಹಿಡಿಯ ತುದಿಗೆ ಬಂದು ಕೂತಿವೆ. ಬೆಲೆ ಏರಿಸಲು ಹೊಸದಾಗಿ ಹುಲಿತಲೆ ಬೆಸೆದು ಮಾರುವವರೂ ಇದ್ದಾರೆ.

ಹುಣಸೆಹಣ್ಣು ಬೇಡ ಎಂದೆನಲ್ಲ, ಅದಕ್ಕೂ ಕಾರಣವಿದೆ. ಹಳೆಯ ಕಬ್ಬಿಣದ ಹಿಡಿಗಳ ಮೇಲೆ ಕೂದಲೆಳೆಯಷ್ಟು ತೆಳುವಾದ ಚಿನ್ನದ, ಬೆಳ್ಳಿಯ ತಂತಿಯನ್ನು ಗೀರಿದ ಗೆರೆಗೆ ಬಡಿದು ಕೂರಿಸಿರುತ್ತಾರೆ. ಮಸಿ, ಎಣ್ಣೆ, ಕುಂಕುಮದ ಅಡಿಯಲ್ಲಿ ಅದು ಕಾಣುವುದೇ ಇಲ್ಲ. ಹುಳಿ ಹಚ್ಚಿ ತೆಂಗಿನನಾರಿನಲ್ಲಿ ಉಜ್ಜಿದರೆ ಮೊದಲು ಹೋಗುವುದೇ ಆ ತಂತಿ. ಪೂಜೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಬಾಳೆಎಲೆಯ ಮೇಲೆ ಇಟ್ಟು, ಕುಂಕುಮವನ್ನು ಎಲೆಗೆ ಇಟ್ಟು, ನಿಂಬೆಹಣ್ಣನ್ನು ಹೊಸ ಮಚ್ಚಿನಲ್ಲಿ ಕುಯ್ದರೆ ಯಾವ ದೇವರೂ ಮುನಿಯುವುದಿಲ್ಲ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಹತ್ತಿಬಟ್ಟೆ ಸುತ್ತಿ, ಒದ್ದೆಯಾಗದ ಜಾಗದಲ್ಲಿ ಇಡಿ. ದಂತವೋ ಮೂಳೆಯೋ ಎಂದು ಕಾದ ಸೂಜಿ ಚುಚ್ಚಿ ನೋಡುವವರಿದ್ದಾರೆ, ಅದನ್ನಂತೂ ಮಾಡಲೇಬೇಡಿ. ಬೆಳಕಿಗೆ ಹಿಡಿದರೆ ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ನವಿರು ಗೆರೆಗಳು ಕಾಣುತ್ತವೆ, ಮೂಳೆಯಲ್ಲಿ ಸೂಜಿಮೊನೆಯಂಥ ಚುಕ್ಕೆಗಳು.

ಕಾನೂನಿನ ಭಯ ಅನೇಕರಿಗಿದೆ. ‘ತೋರಿಸಿದರೆ ಕಿತ್ತುಕೊಂಡು ಹೋಗ್ತಾರೆ’ ಎಂದು ಮಂಚದ ಕೆಳಗೆ ಬಚ್ಚಿಡುತ್ತಾರೆ, ಆಮೇಲೆ ಅದೇ ಭಯಕ್ಕೆ ಸಿಕ್ಕ ಬೆಲೆಗೆ ಮಾರುತ್ತಾರೆ. ಸ್ವಲ್ಪ ಬಿಡಿಸಿ ನೋಡೋಣ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಹಿರಿಯರಿಂದ ಬಂದ ಪುರಾವಸ್ತು ಮನೆಯಲ್ಲಿರುವುದು ಆ ಕಾಯಿದೆಯಲ್ಲಿ ಅಪರಾಧವಲ್ಲ. ಖಾಸಗಿಯವರು ಅದನ್ನು ದೇಶದ ಆಚೆಗೆ ಸಾಗಿಸುವುದು ಅಪರಾಧ. ಲೈಸೆನ್ಸ್ ಇಲ್ಲದೆ ಪುರಾವಸ್ತು ವ್ಯಾಪಾರ ಮಾಡುವುದೂ ಅಪರಾಧ. ಆದ್ದರಿಂದ ಬಾಗಿಲಿಗೆ ಬಂದವನನ್ನು ‘ಲೈಸೆನ್ಸ್ ತೋರಿಸಪ್ಪ’ ಎಂದು ಕೇಳಿ, ಅರ್ಧ ಜನ ಅಲ್ಲಿಂದಲೇ ಗಾಡಿ ತಿರುಗಿಸುತ್ತಾರೆ. ಹಿಡಿ ಆನೆದಂತದ್ದಾದರೆ ಎಷ್ಟೇ ಹಳೆಯದಾಗಲಿ, ವನ್ಯಜೀವಿ ಕಾಯಿದೆಯ ಪ್ರಕಾರ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಇನ್ನು ಪಾಯ ತೋಡುವಾಗ, ಜೆಸಿಬಿಯಲ್ಲಿ ಕೆರೆ ಹೂಳೆತ್ತುವಾಗ ನೆಲದಡಿಯಿಂದ ಸಿಕ್ಕಿದ್ದರೆ ಅದರ ದಾರಿಯೇ ಬೇರೆ; ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಸಿಕ್ಕ ಜಾಗವನ್ನು ಮತ್ತೆ ಕೆದಕದೆ ಬಿಡಬೇಕು. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2018ರಲ್ಲಿ ಹಾಳುಬಾವಿಯ ಹೂಳಿನಲ್ಲಿ ಟಿಪ್ಪು ಕಾಲದ ರಾಕೆಟ್ಟುಗಳು ಸಾವಿರದ ಲೆಕ್ಕದಲ್ಲಿ ಸಿಕ್ಕವು. ಅವನ್ನು ಜನ ಕೇಜಿ ಲೆಕ್ಕದಲ್ಲಿ ತೂಗಿ ಮಾರಿದ್ದರೆ ತುಕ್ಕು ಹಿಡಿದ ಕೊಳವೆಗಳಿಗೆ ಏನು ಬೆಲೆ ಬರುತ್ತಿತ್ತು ಎಂದು ನೀವೇ ಯೋಚಿಸಿ.

ಹಾಳೆಯಲ್ಲಿ ಏನು ಬರೆಯಬೇಕು? ಕಷ್ಟದ್ದೇನಲ್ಲ. ಯಾರಿಂದ ಬಂತು, ತವರಿನಿಂದ ಬಂದದ್ದೋ ಈ ಮನೆಯದೋ, ಎಲ್ಲಿ ಇಡುತ್ತಿದ್ದರು, ಯಾವ ಹಬ್ಬಕ್ಕೆ ಇಳಿಸುತ್ತಿದ್ದರು, ಯಾರು ಮುಟ್ಟಬಹುದಿತ್ತು, ಯಾರು ಮುಟ್ಟಬಾರದಿತ್ತು, ಅದಕ್ಕೆ ಮನೆಯಲ್ಲಿ ಏನೆಂದು ಹೆಸರು. ಕನ್ನಂಬಾಡಿ ಕಟ್ಟೆಯ ನೀರಿಗೆ ಹಳೆಯ ಊರು ಬಿಟ್ಟು ಬಂದ ಮನೆತನವಾದರೆ ಆ ಮುಳುಗಿದ ಊರಿನ ಹೆಸರು ತಪ್ಪದೆ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಟಿಪ್ಪುವಿನ ಹೆಸರನ್ನು ಸೇರಿಸಬೇಡಿ. ಎರಡೂ ಮಗ್ಗುಲಿನ, ಮೇಲಿನ, ಕೆಳಗಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಮಕ್ಕಳ ಸ್ಕೇಲು ಇಟ್ಟು. ಈ ಫೋಟೊಗಳನ್ನು ವಾಟ್ಸಾಪ್ ಗುಂಪುಗಳಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ. ಕಳ್ಳರಿಗೆ ವಿಳಾಸ ಕೊಟ್ಟ ಹಾಗಾಗುತ್ತದೆ.

ಇಷ್ಟಾದ ಮೇಲೆ ಬಲ್ಲವರಿಗೆ ತೋರಿಸಿ. ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮುಖ್ಯ ಕಚೇರಿ ಇರುವುದೇ ನಮ್ಮ ಮೈಸೂರಿನಲ್ಲಿ. ಇಲಾಖೆಯವರಲ್ಲೂ ಒಂದು ಕೋರಿಕೆ: ಜನ ಕಚೇರಿಗೆ ಬರಲಿ ಎಂದು ಕಾಯಬೇಡಿ. ವರ್ಷಕ್ಕೊಂದು ದಿನ ಕೆ.ಆರ್.ಪೇಟೆಯಲ್ಲಿ, ಪಾಂಡವಪುರದಲ್ಲಿ, ನಾಗಮಂಗಲದಲ್ಲಿ, ಶ್ರೀರಂಗಪಟ್ಟಣದಲ್ಲಿ ಮೇಜು ಹಾಕಿ ಕೂತು, ತಂದದ್ದನ್ನು ನೋಡಿ, ಬರೆದುಕೊಂಡು, ವಸ್ತುವನ್ನು ಅವರ ಕೈಗೇ ವಾಪಸ್ ಕೊಟ್ಟು ಕಳಿಸಿ. ಹಾಗೆ ಒಂದು ಸಲ ವಾಪಸ್ ಕೊಟ್ಟರೆ ಮುಂದಿನ ವರ್ಷ ಹತ್ತು ಜನ ತರುತ್ತಾರೆ. ಈ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳ ಇತಿಹಾಸದ ಮೇಷ್ಟ್ರುಗಳು ತಮ್ಮ ವಿದ್ಯಾರ್ಥಿಗಳಿಗೆ ಇದನ್ನೇ ಪ್ರಾಜೆಕ್ಟ್ ಕೊಡಲಿ. ಪ್ರತಿ ಹುಡುಗ ಹುಡುಗಿ ಅವರವರ ಮನೆಯ ಒಂದೊಂದು ಹಳೆಯ ವಸ್ತುವಿನ ಕೈಫಿಯತ್ತು ಬರೆದು ತರಲಿ.

ಮಹಾನವಮಿಗೆ ಕತ್ತಿಗಳನ್ನು ಹೇಗೂ ಕೆಳಗಿಳಿಸುತ್ತೀರಿ. ಆ ಬೆಳಿಗ್ಗೆ ಪೂಜೆಗೆ ಮೊದಲು ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಮುಂದಿನ ಮಹಾನವಮಿಗೆ ಬರೆಯೋಣ ಎಂದು ಮುಂದೂಡಬೇಡಿ.